ಮನೆಯವರ ಸಾಲು

೧

ಸುದ್ದಿ ಬಂದ ದಿನದಿಂದ ಶುರು ಮಾಡಬೇಕೋ, ಅದಕ್ಕೂ ಹಿಂದಿನಿಂದಲೋ ಎಂದು ಗೊತ್ತಾಗದೆ ಬೆಳಗಿನಿಂದ ಹಾಳೆ ಹರಿಯುತ್ತಿದ್ದೇನೆ. ಒಂದು ಹಾಳೆಯಲ್ಲಿ ಬೆಟ್ಟದ ವರ್ಣನೆ ಇತ್ತು, ಮಂಜಿತ್ತು, ತಿರುವಿತ್ತು. ಓದಿ ನೋಡಿದರೆ ಪ್ರವಾಸ ಕಥನದ ಹಾಗಿತ್ತು. ಇನ್ನೊಂದರಲ್ಲಿ "ವಿಧಿಯ ಆಟವನ್ನು ಬಲ್ಲವರಾರು" ಎಂದು ಬರೆದಿದ್ದೆ. ಅದನ್ನು ಚೂರು ಮಾಡಿ ಬುಟ್ಟಿಗೆ ಹಾಕಿ, ಯಾರಿಗೂ ಕಾಣದಿರಲೆಂದು ಮೇಲೆ ಇನ್ನೊಂದು ಕಾಗದ ಮುಚ್ಚಿದೆ. ನನಗೆ ಅಕ್ಷರ ಕಲಿಸಿದವರು ಹೇಳುತ್ತಿದ್ದರು: ಕಥೆ ಬಾಗಿಲಿನಿಂದ ಒಳಗೆ ಬರಬೇಕು ಕಣೋ, ಕಿಟಕಿಯಿಂದ ಹಾರಬಾರದು. ಸರಿ, ಬಾಗಿಲಿನಿಂದಲೇ ಬರೋಣ.

ಬಾಗಿಲು ತಟ್ಟಿದವರು ಸೇನೆಯ ಸಮವಸ್ತ್ರದಲ್ಲಿದ್ದ ಇಬ್ಬರು. ತೆಗೆದವರು ಬ್ಯಾಂಡ್ ಮೇಷ್ಟ್ರು, ನನ್ನ ತಂಗಿಯ ಗಂಡ. ಸೇನೆಯ ಬ್ಯಾಂಡಿನಲ್ಲಿ ತಲೆ ನರೆಯುವವರೆಗೆ ದುಡಿದು ನಿವೃತ್ತರಾದವರು. ಆಮೇಲೂ ಸುಮ್ಮನೆ ಕೂರಲಾರದೆ, ಮನೆಯ ಮುಂದಿನ ಕೋಣೆಯಲ್ಲಿ ಬ್ಯಾಂಡಿನ ವಾದ್ಯಗಳನ್ನು ರಿಪೇರಿ ಮಾಡುತ್ತಿದ್ದರು. ಆಗಲೂ ಅವರ ಕೈಯಲ್ಲಿ ಒಂದು ಕಹಳೆ ಇತ್ತು. ಬಂದವರನ್ನು ನೋಡಿ, "ಇನ್ನೂ ಆಗಿಲ್ರಪ್ಪ, ಮೆರುಗು ಒಣಗಬೇಕು. ನಾಳಿದ್ದು ಬನ್ನಿ" ಅಂದರು.

ಬಂದವರು ಮುಖ ಮುಖ ನೋಡಿಕೊಂಡರು. ಕಿರಿಯವನು ಟೋಪಿ ತೆಗೆದ.

"ಅದಕ್ಕಲ್ಲ, ಮೇಷ್ಟ್ರೇ."

"ಮತ್ತೆ ಡ್ರಮ್ಮಿನ ಚರ್ಮಕ್ಕಾ? ಅದೂ ಆಗಿಲ್ಲ" ಅಂದರು ಮೇಷ್ಟ್ರು. ಟೋಪಿ ತೆಗೆದದ್ದನ್ನು ಅವರು ನೋಡಿದ್ದರು. ಎಲ್ಲ ಗೊತ್ತಾಗಿತ್ತು. ಆದರೂ ರಿಪೇರಿಯ ಮಾತು ಆಡುತ್ತಿರುವಷ್ಟು ಹೊತ್ತು ಇನ್ನೊಂದು ಮಾತು ಒಳಗೆ ಬರಲಾರದು ಎಂಬ ಆಸೆ. ಹೀಗೆ ಕಹಳೆ, ಡ್ರಮ್ಮು, ತಾಳ ಎಂದು ಒಂದೊಂದನ್ನೇ ಹೆಸರಿಸುತ್ತ ಅವರು ಬಾಗಿಲಿಗೆ ಅಡ್ಡ ನಿಂತಿದ್ದರಂತೆ. ಕೊನೆಗೆ ಅಡುಗೆಮನೆಯಿಂದ ನನ್ನ ತಂಗಿ ಬಂದು, "ರೀ, ಅವರಿಗೆ ಮಾತಾಡೋಕೆ ಬಿಡಿ" ಅಂದಳು.

ಅವರು ಮಾತಾಡಿದರು. ಬೆಟ್ಟದ ಠಾಣೆಗೆ ಸಾಮಾನು ಒಯ್ಯುತ್ತಿದ್ದ ಲಾರಿ ಮಗುಚಿತ್ತು. ಅದರಲ್ಲಿ ಇವರ ಒಬ್ಬನೇ ಮಗ ಇದ್ದ.

೨

(ಗುಟ್ಟನ್ನು ಕೊನೆಯ ಪುಟದವರೆಗೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುವುದು ಈಗಿನ ಟೆಕ್ನಿಕ್ ಎಂದು ಕೇಳಿದ್ದೇನೆ. ನನ್ನ ವಯಸ್ಸಿಗೆ ಅಷ್ಟು ದೂರದ ಭರವಸೆ ಇಲ್ಲ. ಈಗಲೇ ಹೇಳಿಬಿಡುತ್ತೇನೆ.)

ನನ್ನ ಸೋದರಳಿಯನನ್ನು ಮನೆಯಲ್ಲಿ ಗಿರಗಿಟ್ಲೆ ಎನ್ನುತ್ತಿದ್ದೆವು. ಕೂತಲ್ಲಿ ಕೂರುತ್ತಿರಲಿಲ್ಲ, ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಕೈಗೆ ಏನು ಸಿಕ್ಕರೂ ತಾಳ ಹಾಕುತ್ತಿದ್ದ. ಅಪ್ಪನ ಬ್ಯಾಂಡಿಗೇ ಸೇರಿ ಡ್ರಮ್ ಬಾರಿಸಿದ. ಅದೇ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವನು ಉದ್ದ ಕತ್ತಿನ, ಉದ್ದ ಕಾಲಿನ ಇನ್ನೊಬ್ಬ. ಅವನನ್ನು ಎಲ್ಲರೂ ಕೊಕ್ಕರೆ ಅನ್ನುತ್ತಿದ್ದರು. ಕೊಕ್ಕರೆಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಮೇಷ್ಟ್ರ ಶಿಷ್ಯನಾಗಿ ಈ ಮನೆಯಲ್ಲೇ ಉಂಡು, ಮಲಗಿ, ಊದುವುದನ್ನು ಕಲಿತ. ನನ್ನನ್ನು ಗಿರಗಿಟ್ಲೆ ಮಾವ ಎನ್ನುತ್ತಿದ್ದನಲ್ಲ, ಅದನ್ನು ಕೇಳಿ ಕೇಳಿ ಇವನೂ ಮಾವ ಎನ್ನುತ್ತಿದ್ದ.

ಅವರಿಬ್ಬರೂ ಒಬ್ಬರನ್ನೊಬ್ಬರು ಪ್ರೀತಿಸಿದರು. ಗಂಡ ಹೆಂಡತಿ ಹೇಗೆ ಪ್ರೀತಿಸಬೇಕೆಂದು ನಾವು ಮದುವೆಗಳಲ್ಲಿ ಹರಸುತ್ತೇವೋ ಹಾಗೆ.

ಮೇಷ್ಟ್ರಿಗೆ ಇದು ಯಾರೂ ಹೇಳದೆಯೇ ಗೊತ್ತಾಯಿತು. ರಿಹರ್ಸಲ್ ನೋಡಲು ಹೋಗಿದ್ದಾಗ ಕಿವಿಗೆ ಬಿತ್ತು. ಕಹಳೆಯವನು ಉಸಿರೆಳೆದುಕೊಳ್ಳುವಾಗ ಡ್ರಮ್ಮು ಕೂದಲೆಳೆಯಷ್ಟು ಕಾಯುತ್ತಿತ್ತು. ಡ್ರಮ್ಮು ಯಾರಿಗೂ ಕಾಯಬಾರದು. ಇಡೀ ದಳದ ಕಾಲು ಅದರ ಮೇಲೆ ನಿಂತಿರುತ್ತದೆ. ಮೇಷ್ಟ್ರು ಮಗನನ್ನು ಕರೆದು, "ತಾಳ ಯಾಕೋ ಎಳೀತಿದೆ?" ಅಂದರು. "ಸರಿ ಮಾಡ್ಕೋತೀನಪ್ಪ" ಅಂದ ಅವನು. ಸರಿ ಮಾಡಿಕೊಳ್ಳಲಿಲ್ಲ.

ಬ್ಯಾರಕ್ಕಿಗೂ ಗೊತ್ತಾಗಲು ತಡವಾಗಲಿಲ್ಲ. ಗಿರಗಿಟ್ಲೆಯ ಮಂಚ ಒಂದು ಮೂಲೆಗೆ, ಕೊಕ್ಕರೆಯದು ಇನ್ನೊಂದು ಕೊನೆಗೆ, ಬಾತ್‌ರೂಮಿನ ಗೋಡೆಗೆ ಹೋಯಿತು. ಅವನು ಕುಡಿದ ಲೋಟದಲ್ಲಿ ಯಾರೂ ಕುಡಿಯಲಿಲ್ಲ. ಅವನು ಊದಿದ ಕಹಳೆಯನ್ನು ಮುಟ್ಟುವ ಮುಂಚೆ ಕುದಿಯುವ ನೀರಿನಲ್ಲಿ ಅದ್ದಿ ತೊಳೆಯತೊಡಗಿದರು. ಗಿರಗಿಟ್ಲೆಯನ್ನು ಬ್ಯಾಂಡಿನಿಂದ ತೆಗೆದು ಸಾಮಾನು ಲಾರಿಗೆ ಹಾಕಿದರು. ಯಾಕೆ ಎಂದು ಕೇಳಿದವರಿಗೆ "ಶಿಸ್ತು" ಎಂಬ ಉತ್ತರ ಸಿಕ್ಕಿತು.

ಸುದ್ದಿ ಬಂದ ದಿನ ಮೇಷ್ಟ್ರ ಕೈಯಲ್ಲಿದ್ದದ್ದು ಅದೇ ಕಹಳೆ. ಕುದಿನೀರಿಗೆ ಮೆರುಗು ಹಪ್ಪಳದ ಹಾಗೆ ಎದ್ದಿತ್ತು. ರಿಪೇರಿಗೆ ತಂದ ಸಿಪಾಯಿ ಕಾರಣವನ್ನು ನಗುತ್ತ ಹೇಳಿದ್ದ. ಮೇಷ್ಟ್ರು ಕೇಳಿಸಿಕೊಂಡು, "ಬಿಸಿ ನೀರು ಹಾಕಬೇಡಿ, ಹಿತ್ತಾಳೆ ಹಾಳಾಗುತ್ತೆ" ಎಂದಷ್ಟೇ ಹೇಳಿದ್ದರು. ಹಿತ್ತಾಳೆಯ ಪರವಾಗಿ.

ಇನ್ನು ಈ ಹೊತ್ತಿನ ವಿಚಾರ. ನಾನು ಇದನ್ನು ಬರೆಯುತ್ತಿರುವುದು ಅದೇ ರಿಪೇರಿ ಕೋಣೆಯಲ್ಲಿ, ಅದೇ ಮೇಜಿನ ತುದಿಯಲ್ಲಿ. ಎದುರಿಗೆ ಮೇಷ್ಟ್ರು ಕೂತಿದ್ದಾರೆ. ಸಂಜೆ ಇಲ್ಲಿ ಗಿರಗಿಟ್ಲೆಗಾಗಿ ಪ್ರಾರ್ಥನೆ ಇದೆ, ನಾಲ್ಕು ಜನ ನೆಂಟರು ಬರುತ್ತಾರೆ. ಕಿಟಕಿಯಿಂದ ನೋಡಿದರೆ ಗೇಟಿನ ಹೊರಗೆ ಕೊಕ್ಕರೆ ನಿಂತಿದ್ದಾನೆ. ಪಕ್ಕದಲ್ಲಿ ಅವನ ತಗಡಿನ ಪೆಟ್ಟಿಗೆ. ಅವನನ್ನು ಸೇನೆಯಿಂದಲೇ ತೆಗೆದುಹಾಕಿದ್ದಾರೆ, ಅದೇ ಶಿಸ್ತಿನ ಹೆಸರಿನಲ್ಲಿ. ಸಂಜೆಯ ಬಸ್ಸಿಗೆ ಹೋಗುತ್ತಾನೆ. ಎಲ್ಲಿಗೆ ಎಂದು ಅವನಿಗೂ ಗೊತ್ತಿಲ್ಲ. ಗೇಟು ತೆರೆದೇ ಇದೆ. ಮೇಷ್ಟ್ರು ಕರೆಯದೆ ಅವನು ಒಳಗೆ ಕಾಲಿಡುವುದಿಲ್ಲ.

ಮೇಷ್ಟ್ರು ಇನ್ನೂ ಕರೆದಿಲ್ಲ. ಕರೆಯುತ್ತಾರೋ ಇಲ್ಲವೋ, ಕಥೆ ಇರುವುದು ಇಷ್ಟೇ.

೩

ಗಿರಗಿಟ್ಲೆಯನ್ನು ಮಣ್ಣು ಮಾಡಿದ ದಿನ ಮೈದಾನದಲ್ಲಿ ಏನಾಯಿತೆಂದು ಹೇಳದೆ ಇದು ಅರ್ಥವಾಗುವುದಿಲ್ಲ. ನಾನು ಅಲ್ಲಿರಲಿಲ್ಲ. ಕಣ್ಣಿನ ಆಪರೇಷನ್ ಆಗಿ ಪಟ್ಟಿ ಕಟ್ಟಿಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದೆ. ಅಲ್ಲಿದ್ದವರ ಬಾಯಿಂದ ಕೇಳಿದ್ದನ್ನು ಹೇಳುತ್ತಿದ್ದೇನೆ.

ಸೇನೆಯಲ್ಲಿ ಒಬ್ಬ ಸತ್ತರೆ ಶವಪೆಟ್ಟಿಗೆಯನ್ನು ಇಳಿಸುವ ಮುಂಚೆ ಕಹಳೆ ಊದಬೇಕು. ದಳವೆಲ್ಲ ಕೈಯೆತ್ತಿ ವಂದಿಸುತ್ತ ನಿಂತಿರುತ್ತದೆ. ಹಿಂದೆ ಯಾವಾಗಲೋ ಒಬ್ಬ, ತನ್ನ ಸ್ವಂತ ತಮ್ಮನಿಗೆ ತಾನೇ ಊದುತ್ತೇನೆಂದು ಹಟ ಹಿಡಿದ. ನಡುವಿನಲ್ಲಿ ತುಟಿ ನಡುಗಿ ಸ್ವರ ನಿಂತುಹೋಯಿತು. ಎತ್ತಿದ ಕೈ ಇಳಿಸುವುದು ಯಾವಾಗ ಎಂದು ತಿಳಿಯದೆ ಇಡೀ ದಳ ಗೊಂಬೆಗಳ ಹಾಗೆ ನಿಂತಿತ್ತು. ಆಗ ಮೇಷ್ಟ್ರು ಒಂದು ನಿಯಮ ಮಾಡಿದರು: ಮನೆಯವರ ಕೈಗೆ ಕಹಳೆ ಕೊಡಬಾರದು. ಊದುವವನನ್ನು ಎಲ್ಲರೆದುರು ಮೊದಲೇ ಕೇಳಬೇಕು, ತೀರಿಕೊಂಡವನು ನಿನಗೆ ಏನಾಗಬೇಕು ಎಂದು. ಏನೂ ಆಗಬೇಕಿಲ್ಲ ಎಂದರೆ ಊದಬಹುದು. ಏನಾದರೂ ಆಗಬೇಕಿದ್ದರೆ ಕಹಳೆ ಇಟ್ಟು ಮನೆಯವರ ಸಾಲಿನಲ್ಲಿ ಹೋಗಿ ಕೂರಬೇಕು. ಕರುಣೆಯಿಂದ ಮಾಡಿದ ನಿಯಮ. ಮೇಷ್ಟ್ರು ನಿವೃತ್ತರಾದ ಮೇಲೂ ಉಳಿಯಿತು.

ಅವತ್ತು ಪಾಳಿ ಕೊಕ್ಕರೆಯದು.

ಈಗಿನ ಬ್ಯಾಂಡಿನ ಮುಖ್ಯಸ್ಥನನ್ನು ಮೀಸೆ ಎಂದು ಕರೆಯೋಣ. ಅವನಿಗೆ ಅದೊಂದೇ ಆಸ್ತಿ. ಕೊಕ್ಕರೆ ಅವನ ಹತ್ತಿರ ಹೋಗಿ, "ಸಾರ್, ಇವತ್ತು ಬೇರೆ ಯಾರಿಗಾದ್ರೂ ಕೊಡಿ" ಅಂದ.

"ಯಾಕೆ? ತುಟಿ ಒಡೆದಿದೆಯಾ?"

"ಇಲ್ಲ ಸಾರ್."

"ಮತ್ತೆ? ಅವನು ನಿನಗೆ ಏನಾಗಬೇಕು?"

ಬ್ಯಾಂಡಿನವರಲ್ಲಿ ಒಂದಿಬ್ಬರು ಕೆಮ್ಮಿದರು. ಒಬ್ಬ, "ನಮಗೆ ಅತ್ತಿಗೆ ಆಗಬೇಕೇನೋ" ಅಂದ. ಇನ್ನೊಬ್ಬ ಡ್ರಮ್ಮಿನ ಹಿಂದೆ ಮುಖ ಮುಚ್ಚಿಕೊಂಡ. ಪೆಟ್ಟಿಗೆ ಕೂಗಳತೆಯಲ್ಲಿತ್ತು.

ಕೊಕ್ಕರೆ ಮಾತಾಡಲಿಲ್ಲ. ಆಡಿದ್ದರೆ ಅವನ ಬಾಯಿಂದಲೇ ಒಪ್ಪಿಸಿದ ಹಾಗಾಗಿ, ಅಲ್ಲಿಂದಲೇ ಗಂಟುಮೂಟೆ ಕಟ್ಟಿಸುತ್ತಿದ್ದರು. ಅಷ್ಟರಲ್ಲಿ ವಾದ್ಯಗಳ ಕಡೆ ಸುಮ್ಮನೆ ಬಂದು ನಿಂತಿದ್ದ ಮೇಷ್ಟ್ರನ್ನು ಮೀಸೆ ನೋಡಿದ. (ಮಗನ ಪೆಟ್ಟಿಗೆಯ ಕಡೆ ನೋಡಲಾರದವರು ತಮಗೆ ಗೊತ್ತಿರುವ ಸಾಮಾನಿನ ಹತ್ತಿರ ಹೋಗಿ ನಿಲ್ಲುತ್ತಾರೆ.)

"ಮೇಷ್ಟ್ರೇ, ನಿಯಮ ನಿಮ್ಮದು. ನೀವೇ ಹೇಳಿಬಿಡಿ. ಇವನು ನಿಮ್ಮ ಹುಡುಗನಿಗೆ ಏನಾಗಬೇಕು?"

೪

ಇಲ್ಲಿಗೆ ನಾನು ಮೊದಲ ಡ್ರಾಫ್ಟಿನಲ್ಲಿ ಹೀಗೆ ಬರೆದಿದ್ದೆ:

ಮೇಷ್ಟ್ರು ನಿಧಾನವಾಗಿ ತಲೆಯೆತ್ತಿದರು. ಅವರ ಕಂಠ ಸ್ಥಿರವಾಗಿತ್ತು. "ಅವನು ನಮ್ಮ ಮನೆಯವನು" ಎಂದರು. ಬ್ಯಾಂಡಿನವರು ತಲೆ ತಗ್ಗಿಸಿದರು. ಮೇಷ್ಟ್ರು ಕೊಕ್ಕರೆಯ ಕೈಹಿಡಿದು...

"ನಿಲ್ಲಿಸಿ ಭಾವ" ಅಂದರು ಎದುರಿಗೆ ಕೂತಿದ್ದ ಮೇಷ್ಟ್ರು. ನಾನು ಬರೆದದ್ದನ್ನು ಗಟ್ಟಿಯಾಗಿ ಓದುವ ಅಭ್ಯಾಸದವನು, ಅದೇ ತಪ್ಪಾಯಿತು.

"ಯಾಕೆ, ಭಾಷೆ ಸರಿಯಿಲ್ಲವೇ?"

"ಭಾಷೆ ಚೆನ್ನಾಗಿದೆ. ನಾನು ಹಾಗೆ ಹೇಳಲಿಲ್ಲ."

"ಕಥೆ ಅಲ್ಲವೇ ಮೇಷ್ಟ್ರೇ, ಸ್ವಲ್ಪ ತಿದ್ದಬಹುದು."

"ನೀವು ತಿದ್ದಿ ತಿದ್ದಿ ನನ್ನನ್ನ ದೇವರ ಪಕ್ಕ ನಿಲ್ಲಿಸಿಬಿಡ್ತೀರಿ. ಓದಿದವರು 'ಆಹಾ, ಎಂಥ ತಂದೆ' ಅಂತಾರೆ. ಆಮೇಲೆ ಎದುರಿಗೆ ಸಿಕ್ಕರೆ ನಾನು ಮುಖ ಎಲ್ಲಿಡಲಿ? ಆಗಿದ್ದು ಬರೀರಿ."

ಆಗಿದ್ದನ್ನು ಬರೆಯುತ್ತೇನೆ.

ಕೇಳಿದ್ದಕ್ಕೆ ಉತ್ತರವಾಗಿ ಎಷ್ಟೋ ಮಾತುಗಳಿದ್ದವು. ಸತ್ಯವನ್ನು ಪೂರ್ತಿ ಹೇಳಬೇಕಾಗಿಯೂ ಇರಲಿಲ್ಲ. "ನಮ್ಮ ಮನೇಲಿ ಬೆಳೆದವನು" ಎಂದರೆ ಸಾಕಿತ್ತು. "ಶಿಷ್ಯ" ಎಂದರೂ ನಡೆಯುತ್ತಿತ್ತು. ಯಾರೂ ಪ್ರಮಾಣ ಮಾಡಿಸುತ್ತಿರಲಿಲ್ಲ. ಆದರೆ ಕೆಮ್ಮಿದವರ ಕಣ್ಣು ಮೇಷ್ಟ್ರ ಮೇಲೆ ತಿರುಗಿತ್ತು. ತಾವು ಯಾವ ಬ್ಯಾಂಡನ್ನು ಒಂದು ಬೆರಳಿನಿಂದ ನಿಲ್ಲಿಸುತ್ತಿದ್ದರೋ ಆ ಬ್ಯಾಂಡು ಈಗ ತಮ್ಮನ್ನೂ ಕುದಿನೀರಿನಲ್ಲಿ ಅದ್ದುತ್ತದೆ ಎನ್ನಿಸಿತಂತೆ.

"ಏನೂ ಆಗಬೇಕಿಲ್ಲ" ಅಂದರು. "ಊದಲಿ."

೫

ಕೊಕ್ಕರೆ ಊದಿದ.

ಈ ಭಾಗಕ್ಕೂ ಒಂದು ಡ್ರಾಫ್ಟ್ ಮಾಡಿದ್ದೆ. ಅದರಲ್ಲಿ ಕೊಕ್ಕರೆಯ ತುಟಿ ನಡುಗುತ್ತದೆ, ಸ್ವರ ಒಡೆಯುತ್ತದೆ, ಮೇಷ್ಟ್ರು ಓಡಿಬಂದು ಕಹಳೆ ಕಸಿದು ಉಳಿದದ್ದನ್ನು ತಾವೇ ಊದಿ ಮುಗಿಸುತ್ತಾರೆ. ಸಿನಿಮಾದವರು ಬಂದು ಕೇಳುವ ಹಾಗಿತ್ತು. ನಾನು ಆಸ್ಪತ್ರೆಯಿಂದ ಬಂದ ಮೇಲೆ ಕೊಕ್ಕರೆ ನನ್ನನ್ನು ನೋಡಲು ಬಂದಿದ್ದ. ಅವನಿಗೆ ಇದನ್ನು ಓದಿ ಹೇಳಿದೆ. ಅವನಿಗೆ ಕೋಪ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮಾವ, ನಾನು ತಪ್ಪಲಿಲ್ಲ. ತಪ್ಪಿದೆ ಅಂತ ಬರೀಬೇಡಿ."

"ದುಃಖ ತೋರಿಸಬೇಕಲ್ಲಪ್ಪ."

"ಅವನಿಗೆ ಊದಿದ್ದು ಮಾವ. ಅವನಿಗೆ ಹೇಗೆ ತಪ್ಪು ಊದಲಿ? ತಾಳ ಎಳೆದರೆ ಅವನೇ ಬೈತಿದ್ದ."

(ತಾಳ ಎಳೆಯುತ್ತಿದ್ದವನು ಯಾರು ಎಂದು ನನ್ನ ಬಾಯಿಗೆ ಬಂತು. ನುಂಗಿಕೊಂಡೆ.)

ಒಂದು ಸ್ವರವೂ ಅಲುಗಲಿಲ್ಲ. ಕೊನೆಯ ಉದ್ದದ ಸ್ವರ ದಾರ ಬಿಟ್ಟ ಹಾಗೆ ಹೋಗಿ ಹೋಗಿ, ಯಾವಾಗ ನಿಂತಿತೆಂದು ಯಾರಿಗೂ ತಿಳಿಯದ ಹಾಗೆ ನಿಂತಿತು. ಆಗ ಮೇಷ್ಟ್ರು ತಲೆದೂಗಿದರು.

ಇದನ್ನು ಬರೆಯಬೇಡಿ ಎಂದು ಅವರು ಹೇಳಲಿಲ್ಲ. ಬರೆಯಲೇಬೇಕು ಎಂದರು. ಮಗನ ಪೆಟ್ಟಿಗೆ ಎದುರಿಗಿದೆ. ಊದುತ್ತಿರುವವನನ್ನು ಏನೂ ಅಲ್ಲ ಎಂದು ಈಗಷ್ಟೇ ಹೇಳಿದ್ದಾರೆ. ಆ ಹೊತ್ತಿನಲ್ಲಿ ಅವರೊಳಗಿನ ಗುರು ಎದ್ದು, ನನ್ನ ಶಿಷ್ಯ ಎಷ್ಟು ಚೆನ್ನಾಗಿ ಊದಿದ ಎಂದು ಹೆಮ್ಮೆಪಟ್ಟ. ಬಾಯಿಂದ ಬಾರದ ನಂಟು ಕತ್ತಿನಿಂದ ಬಂತು.

"ನೋಡಿದೆ ಮಾವ" ಅಂದ ಕೊಕ್ಕರೆ. "ಮೇಷ್ಟ್ರು ತಲೆದೂಗಿದ್ರು. ಇಷ್ಟು ಸಾಕು ಅಂದ್ಕೊಂಡೆ. ಬ್ಯಾರಕ್ಕಿಗೆ ಹೋಗಿ ಬೂಟು ಬಿಚ್ಚೋವಾಗ ಸಾಕಾಗಲಿಲ್ಲ."

ಎಲ್ಲ ಮುಗಿದ ಮೇಲೆ ಮೀಸೆ ಬಂದು ಮೇಷ್ಟ್ರ ಹೆಗಲಿಗೆ ಕೈ ಹಾಕಿದ. "ನೋಡಿದ್ರಾ ಮೇಷ್ಟ್ರೇ, ಕಣ್ಣಲ್ಲಿ ಒಂದು ಹನಿ ಇಲ್ಲ. ಇಂಥವರಿಗೆ ಎದೆ ಅನ್ನೋದೇ ಇರಲ್ಲ." ಅತ್ತಿದ್ದರೆ ಏನನ್ನುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ. ಮೇಷ್ಟ್ರು ಆ ಕೈಯನ್ನು ಹೆಗಲಿನಿಂದ ತೆಗೆಯಲಿಲ್ಲ. ಅದನ್ನೂ ಬರೆಯಿರಿ ಎಂದಿದ್ದಾರೆ.

೬

ನನ್ನ ತಂಗಿ ಈಗ ಕೋಣೆಗೆ ಬಂದಿದ್ದಾಳೆ. ಸಂಜೆಗೆ ಜಮಖಾನ ಹಾಸಬೇಕಂತೆ, ಕಾಲು ಎತ್ತಿ ಅಂದಳು. ಇಬ್ಬರು ಮುದುಕರು ಕಾಲು ಎತ್ತಿದೆವು.

"ಇನ್ನೂ ಬರೀತಿದ್ದೀಯಾ ಅಣ್ಣ?"

"ಎಂಡಿಂಗ್ ಸಿಗ್ತಿಲ್ಲ ಕಣಮ್ಮ."

"ನಿನ್ನ ಕಥೆಗಳಲ್ಲಿ ಕೊನೇ ಪುಟಕ್ಕೆ ಎಲ್ಲರೂ ಒಳ್ಳೆಯವರಾಗಿಬಿಡ್ತಾರೆ. ಅದಕ್ಕೇ ನಾನು ಅರ್ಧಕ್ಕೆ ನಿಲ್ಲಿಸೋದು."

ನಲವತ್ತು ವರ್ಷಗಳಿಂದ ಬರೆಯುತ್ತಿದ್ದೇನೆ. ಇಷ್ಟು ಸಣ್ಣ ವಿಮರ್ಶೆಯಲ್ಲಿ ಇಷ್ಟು ಪೆಟ್ಟು ಯಾರೂ ಕೊಟ್ಟಿರಲಿಲ್ಲ.

ಮೈದಾನದಲ್ಲಿ ಅವಳು ಮನೆಯವರ ಸಾಲಿನಲ್ಲಿ ಕೂತಿದ್ದಳು. ಒಂದು ಕಡೆ ಗಂಡನ ಕುರ್ಚಿ. ಇನ್ನೊಂದು ಕಡೆಯ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟಿದ್ದಳು. ಒಬ್ಬ ಸಿಪಾಯಿ ಬಂದು, "ಅಮ್ಮಾ, ಅಧಿಕಾರಿಗಳಿಗೆ ಕುರ್ಚಿ ಬೇಕಿತ್ತು" ಎಂದಾಗ "ಇಲ್ಲಿಗೆ ಜನ ಬರ್ತಾರಪ್ಪ" ಅಂದಳಂತೆ. ವಾದ್ಯಗಳ ಹತ್ತಿರ ನಡೆದ ಮಾತು ಅವಳಿಗೆ ಕೇಳಿಸಿರಲಿಲ್ಲ. ಕೊಕ್ಕರೆ ಕಹಳೆ ಎತ್ತಿದ್ದನ್ನು ನೋಡಿದಳು. ಗಂಡ ಏನು ಹೇಳಿರಬೇಕೆಂದು ತಿಳಿಯಿತು. ಚೀಲ ತೆಗೆದು ತೊಡೆಯ ಮೇಲೆ ಇಟ್ಟುಕೊಂಡಳು. ಅಧಿಕಾರಿಯೊಬ್ಬ ಬಂದು ಕೂತ.

"ನೀನೇ ಕರೆದುಬಿಡಬಾರದೇನಮ್ಮ ಅವನನ್ನ?" ಅಂದೆ, ಕಿಟಕಿಯ ಕಡೆ ಕಣ್ಣು ಮಾಡಿ.

"ನೀರು ಕೊಟ್ಟು ಬಂದೆ. ಊಟಕ್ಕೆ ಬಾ ಅಂದ್ರೂ ಬರ್ತಾನೆ, ಹಿತ್ತಲ ಕಡೆಯಿಂದ. ಚಿಕ್ಕಂದಿನಿಂದ ನನ್ನ ಮಾತು ಮೀರಿದವನಲ್ಲ. ಆದರೆ ಎಲ್ಲರೆದುರು ಏನೂ ಅಲ್ಲ ಅಂದಿದ್ದು ಇವರ ಬಾಯಿ. ಇವತ್ತೂ ಎಲ್ಲರೂ ಬರ್ತಾರೆ. ಮುಂಬಾಗಿಲಿಂದ ಇವರೇ ಕರೀಲಿ."

ಮೇಷ್ಟ್ರು ಸಣ್ಣ ಬಟ್ಟೆಯಿಂದ ಮೌತ್‌ಪೀಸ್ ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸುತ್ತಿದ್ದರು.

"ಕೇಳಿಸ್ತಾ?" ಅಂದಳು ಅವಳು.

"ಕೇಳಿಸ್ತು."

"ಕಿವಿ ಚೆನ್ನಾಗಿದೆ ಇವರಿಗೆ. ಯಾವಾಗಲೂ ಚೆನ್ನಾಗಿತ್ತು" ಎಂದು ನನಗೆ ಹೇಳಿ, ಜಮಖಾನದ ಮೂಲೆ ಎಳೆದು ಸರಿಮಾಡಿ ಹೋದಳು.

೭

ಓದುಗರು ಕಾಯುತ್ತಿದ್ದೀರಿ. ನನ್ನ ಹತ್ತಿರ ಇರುವ ಎಂಡಿಂಗುಗಳನ್ನು ತೋರಿಸಿಬಿಡುತ್ತೇನೆ, ಅಂಗಡಿಯವನು ಬಟ್ಟೆ ಬಿಚ್ಚಿ ತೋರಿಸುವ ಹಾಗೆ.

ಅ) ಮೇಷ್ಟ್ರು ಎದ್ದು ಗೇಟಿಗೆ ಹೋಗುತ್ತಾರೆ. ಪೆಟ್ಟಿಗೆಯನ್ನು ತಾವೇ ಎತ್ತಿಕೊಳ್ಳುತ್ತಾರೆ. ಪ್ರಾರ್ಥನೆಯಲ್ಲಿ ಕೊಕ್ಕರೆ ಮೊದಲ ಸಾಲಿನಲ್ಲಿ ಕೂರುತ್ತಾನೆ. ನೆಂಟರು ಕಣ್ಣೊರೆಸಿಕೊಳ್ಳುತ್ತಾರೆ. (ನಮ್ಮ ನೆಂಟರನ್ನು ನಾನು ಬಲ್ಲೆ. ಅವರು ಕಣ್ಣೊರೆಸಿಕೊಳ್ಳುವುದಿಲ್ಲ. ಗಿರಗಿಟ್ಲೆಯ ಒಬ್ಬ ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾನೆ.)

ಆ) ಬಸ್ಸು ಬರುತ್ತದೆ, ಕೊಕ್ಕರೆ ಹೋಗುತ್ತಾನೆ. ಮೇಷ್ಟ್ರು ಕಿಟಕಿಯಿಂದ ನೋಡುತ್ತ ಉಳಿಯುತ್ತಾರೆ. ವಿಮರ್ಶಕರಿಗೆ ಇದೇ ಇಷ್ಟವಾಗುತ್ತದೆ. ವಾಸ್ತವಿಕ ಎನ್ನುತ್ತಾರೆ. ಒಬ್ಬ ಮನುಷ್ಯ ಎದ್ದು ನಾಲ್ಕು ಹೆಜ್ಜೆ ನಡೆಯಲಾರ ಎಂಬುದೇ ವಾಸ್ತವವಾದರೆ ಅದನ್ನು ಹೊಗಳಲು ನನಗೆ ನಾಚಿಕೆ.

ಇ) ಮೀಸೆ ಪ್ರಾರ್ಥನೆಗೆ ಬಂದು ಕ್ಷಮೆ ಕೇಳುತ್ತಾನೆ. (ಇದನ್ನು ಬರೆದಾಗ ನನಗೆ ಜ್ವರ ಇತ್ತು.)

ಅ ಎಂಬುದನ್ನೇ ಆರಿಸಿಕೊಂಡು, ನೆಂಟರ ಕಣ್ಣೀರನ್ನು ಕಡಿಮೆ ಮಾಡಿ, ಚಿಕ್ಕಪ್ಪನನ್ನು ಸೇರಿಸಿ, ಹೊಸದಾಗಿ ಬರೆಯತೊಡಗಿದೆ. "ಮೇಷ್ಟ್ರು ಕುರ್ಚಿಯ ತೋಳು ಹಿಡಿದು ಎದ್ದರು" ಎಂಬಲ್ಲಿಗೆ ಬಂದಿದ್ದೆ. ಮೇಷ್ಟ್ರು ಮೇಜಿನ ಮೇಲಿಂದ ಕೈಚಾಚಿ ನನ್ನ ಪೆನ್ನು ಹಿಡಿದುಕೊಂಡರು.

"ಬೇಡ ಭಾವ."

"ಇದರಲ್ಲಿ ನೀವು ಸುಳ್ಳೇನೂ ಹೇಳಲ್ಲ ಮೇಷ್ಟ್ರೇ. ಎದ್ದು ಹೋಗ್ತೀರಿ, ಅಷ್ಟೇ."

"ಅದೇ ಬೇಡ ಅನ್ನೋದು. ಈಗ ನೀವು ಕಾಗದದ ಮೇಲೆ ನನ್ನನ್ನ ಎಬ್ಬಿಸಿ ಗೇಟಿಗೆ ಕಳಿಸಿಬಿಟ್ರೆ, ಓದಿ ನನಗೂ ಸಮಾಧಾನ ಆಗಿಬಿಡುತ್ತೆ. ಅತ್ತೂಬಿಡ್ತೀನಿ. ಆಮೇಲೆ ಈ ಕಾಲಿಗೆ ಇನ್ನೇನು ಕೆಲಸ? ಇಲ್ಲೇ ಕೂತುಬಿಡ್ತೀನಿ." ಪೆನ್ನು ಬಿಡದೆಯೇ ಹೇಳಿದರು: "ಸತ್ತ ಮಗನಿಗೆ ಏನು ಬೇಕಾದ್ರೂ ಮಾಡಬಹುದು ಭಾವ, ಪ್ರಾರ್ಥನೆ, ಊಟ, ಫೋಟೋಗೆ ಹಾರ. ಯಾವುದಕ್ಕೂ ಯಾರೂ ನಗಲ್ಲ. ಹೊರಗೆ ನಿಂತಿದ್ದಾನಲ್ಲ, ಅವನನ್ನ ಕರೆದರೆ ನಗ್ತಾರೆ. ಈ ನಗುವಿಗೆ ಹೆದರಿ ನಾನು ನನ್ನ ಮಗನ್ನ ಎರಡನೇ ಸಲ ಹೂತೆ."

ಪೆನ್ನು ಬಿಟ್ಟರು. ನಾನು ಬರೆದ ಸಾಲನ್ನು ಹೊಡೆದುಹಾಕಿದೆ. ಮೇಷ್ಟ್ರು ಎದ್ದಿಲ್ಲ.

ನೆಂಟರು ಬರತೊಡಗಿದ್ದಾರೆ. ಗೇಟಿನ ಹತ್ತಿರ ಕೊಕ್ಕರೆಯನ್ನು ನೋಡಿ ಕೆಲವರು ಬಳಸಿಕೊಂಡು ಬರುತ್ತಿದ್ದಾರೆ. ಅವನು ದಾರಿ ಬಿಡಲೆಂದು ಪೆಟ್ಟಿಗೆಯನ್ನು ಇನ್ನಷ್ಟು ಆಚೆ ಸರಿಸಿಕೊಂಡ. ಒಳಗೆ ಚಿಕ್ಕಪ್ಪ ಗೊತ್ತಿಲ್ಲದವನ ಹಾಗೆ ಕೇಳುತ್ತಿದ್ದಾನೆ, "ಯಾರಪ್ಪಾ ಅದು, ಹೊರಗೆ ನಿಂತಿರೋದು? ನಮಗೇನಾಗಬೇಕು?" ನನ್ನ ತಂಗಿ ಉತ್ತರ ಕೊಡದೆ ಗಂಡನನ್ನು ನೋಡುತ್ತಿದ್ದಾಳೆ. ಮೇಷ್ಟ್ರ ಎರಡು ಅಂಗೈಯೂ ಮೇಜಿನ ಮೇಲಿವೆ. ಎದ್ದೇಳುವವರೂ ಹಾಗೇ ಇಡುತ್ತಾರೆ, ಎದ್ದೇಳಲಾರದವರೂ ಹಾಗೇ ಇಡುತ್ತಾರೆ.

ಮುಂದಿನದನ್ನು ನಾನು ಬರೆಯುವುದಿಲ್ಲ. ಬರೆಯಲು ಬರುವುದಿಲ್ಲವೆಂದಲ್ಲ. ಕೈ ತುರಿಸುತ್ತಿದೆ. ಆದರೆ ಆ ಕೆಲಸ ನನ್ನದಲ್ಲ. ನನ್ನದು ಪ್ರಾರ್ಥನೆ ಶುರು ಮಾಡುವ ಕೆಲಸ, ಮನೆಗೆ ಹಿರಿಯವನೆಂದು. ಅದನ್ನು ಮಾಡುತ್ತೇನೆ, ಗೇಟಿನವರೆಗೂ ಕೇಳುವಷ್ಟು ಗಟ್ಟಿಯಾಗಿ.

ದೇವರೇ, ನಮ್ಮ ಹುಡುಗ ಒಂದು ಕಡೆ ಕೂತವನಲ್ಲ. ನಿನ್ನ ಹತ್ತಿರವಾದರೂ ಅವನನ್ನು ಕೂರಿಸಿಕೋ. ಅಲ್ಲಿ ಯಾರೂ ಅವನ ಮಂಚವನ್ನು ಮೂಲೆಗೆ ಸರಿಸದಿರಲಿ. ಇಲ್ಲಿ ಅವನ ಬಗ್ಗೆ ಆಡಿದ ಮಾತು ಅವನಿಗೆ ಕೇಳದಿರಲಿ. ನಾವು ಆಡಬೇಕಿದ್ದು ಆಡದೇ ಬಿಟ್ಟದ್ದನ್ನು ನಮ್ಮಿಂದಲೇ ಕೇಳು, ಅವನನ್ನು ನಂಬಿದವನಿಂದ ಕೇಳಬೇಡ. ಅವನ ಆತ್ಮಕ್ಕೆ ಶಾಂತಿ ಕೊಡು. ನಮಗೆ ಇಷ್ಟು ಬೇಗ ಕೊಡಬೇಡ.